ಹೆಸರು ಒಂದು, ಸ್ಪೆಲಿಂಗ್ ಹತ್ತು: ಬ್ಯಾಂಕಿನ ಹೆಸರು ತಪಾಸಣೆ ಕೈಕೊಟ್ಟಾಗ ಎಲ್ಲಿ ನೋಡಬೇಕು

ಹೊಸ ಖಾತೆ ತೆರೆಯುವಾಗ, ಹೊರದೇಶದಿಂದ ಹಣ ಬರುವಾಗ, ಬ್ಯಾಂಕಿನ ತಂತ್ರಾಂಶ ಗ್ರಾಹಕರ ಹೆಸರನ್ನು ಕೆಲವು ಪಟ್ಟಿಗಳ ಜೊತೆ ಹೋಲಿಸಿ ನೋಡುತ್ತದೆ. ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ನಿರ್ಬಂಧ ಪಟ್ಟಿ, ಅಮೆರಿಕದ ಖಜಾನೆ ಇಲಾಖೆಯ ನಿರ್ಬಂಧ ಕಚೇರಿಯಾದ ಓಫ್ಯಾಕ್ ಪಟ್ಟಿ, ಭಯೋತ್ಪಾದನೆ ತಡೆಯುವ ಯುಎಪಿಎ ಕಾಯ್ದೆಯಡಿ ನಮ್ಮ ಗೃಹ ಸಚಿವಾಲಯ ಹೆಸರಿಸಿದವರ ಪಟ್ಟಿ, ಹೀಗೆ. ಇದಕ್ಕೆ ಸ್ಕ್ರೀನಿಂಗ್ ಅನ್ನುತ್ತಾರೆ. ಹೆಸರು ಹೊಂದಿದರೆ ಅಲರ್ಟ್ ಏಳುತ್ತದೆ. ಒಬ್ಬರು ಕೂತು ಅದನ್ನು ನೋಡಿ, ಇವರು ಅವರೇ ಹೌದೋ ಅಲ್ಲವೋ ಎಂದು ತೀರ್ಮಾನಿಸುತ್ತಾರೆ. ಆ ಕುರ್ಚಿಯಲ್ಲಿ ಕೂತವರು ಬೆಂಗಳೂರಿನಲ್ಲಿ ಬಹಳ ಜನ ಇದ್ದಾರೆ. ನಾನೂ ಕೆಲವು ವರ್ಷ ಕೂತಿದ್ದೆ.

ಈ ಕೆಲಸದ ತೊಂದರೆಗಳಲ್ಲಿ ಬಹುಪಾಲು ಒಂದೇ ಜಾಗದಲ್ಲಿ ಹುಟ್ಟುತ್ತವೆ. ಪಟ್ಟಿಯಲ್ಲಿರುವ ಹೆಸರು ಮೊದಲು ಅರಬಿಯಲ್ಲೋ ರಷ್ಯನ್‌ನಲ್ಲೋ ಇತ್ತು. ಯಾರೋ ಅದನ್ನು ಇಂಗ್ಲಿಷ್ ಅಕ್ಷರಕ್ಕೆ ತಂದರು. ನಮ್ಮ ಗ್ರಾಹಕರ ಹೆಸರು ಕನ್ನಡದಲ್ಲೋ ಉರ್ದುವಿನಲ್ಲೋ ಇತ್ತು. ಶಾಲೆಗೆ ಸೇರಿಸಿದ ದಿನ ಮೇಷ್ಟ್ರೋ, ಆಧಾರ್ ಕೇಂದ್ರದ ಆಪರೇಟರೋ ಅದನ್ನು ತಮಗೆ ತೋಚಿದ ಹಾಗೆ ಇಂಗ್ಲಿಷಿನಲ್ಲಿ ಬರೆದರು. ತಂತ್ರಾಂಶ ಹೋಲಿಸುತ್ತಿರುವುದು ಈ ಎರಡು ಅಂದಾಜುಗಳನ್ನು.

ಏನೇ ತೊಂದರೆ ಬಂದರೂ ತಂಡದಲ್ಲಿ ಮೊದಲು ಕೇಳುವ ಮಾತು "ಥ್ರೆಶೋಲ್ಡ್ ಸ್ವಲ್ಪ ಏರಿಸೋಣ" ಅಥವಾ "ಸ್ವಲ್ಪ ಇಳಿಸೋಣ". ಹೆಸರುಗಳು ನೂರಕ್ಕೆ ಎಷ್ಟು ಹೊಂದಿದರೆ ಅಲರ್ಟ್ ಏಳಬೇಕು ಅನ್ನುವ ಸಂಖ್ಯೆ ಅದು. ದಯವಿಟ್ಟು ಅದನ್ನು ಕಟ್ಟಕಡೆಗೆ ಮುಟ್ಟಿ. ಯಾಕೆ ಅನ್ನುವುದನ್ನು ಮುಂದೆ ಲೆಕ್ಕ ಹಾಕಿ ತೋರಿಸುತ್ತೇನೆ. ಅದಕ್ಕೂ ಮುಂಚೆ, ಖರ್ಚಿಲ್ಲದೆ ನೋಡಬಹುದಾದ ಜಾಗಗಳು ಬೇಕಾದಷ್ಟಿವೆ.

ಕೈ ಹಾಕುವ ಮುಂಚೆ

ಓಡುತ್ತಿರುವ ಸಿಸ್ಟಂನಲ್ಲಿ ಪ್ರಯೋಗ ಮಾಡಬೇಡಿ. ಟೆಸ್ಟ್ ಸಿಸ್ಟಂ ಕೇಳಿ ಪಡೆಯಿರಿ. ಒಂದು ಸೆಟ್ಟಿಂಗ್ ಬದಲಿಸಿದರೆ ಇವತ್ತು ಯಾವ ಅಲರ್ಟ್ ತಪ್ಪಿಹೋಯಿತು ಎಂದು ನಾಳೆ ಹುಡುಕುವುದು ಬಹಳ ಕಷ್ಟ.

ಗ್ರಾಹಕರ ಹೆಸರು, ಹುಟ್ಟಿದ ದಿನ, ಪಾಸ್‌ಪೋರ್ಟ್ ಸಂಖ್ಯೆಯನ್ನು ಇಂಟರ್‌ನೆಟ್ಟಿನ ಉಚಿತ ಅನುವಾದ ತಾಣಗಳಲ್ಲಿ ಹಾಕಬೇಡಿ. ಅರಬಿ ಓದಲು ಬರುವುದಿಲ್ಲ ಎಂದು ಈ ತಪ್ಪು ಮಾಡುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅದು ಇನ್ನೊಬ್ಬರ ಗುಟ್ಟು.

ಸಂಶಯದ ವರದಿ ಮೇಲೆ ಹೋಗುತ್ತಿದ್ದರೆ ಅದರ ಸುಳಿವು ಗ್ರಾಹಕರಿಗೆ ಸಿಗಬಾರದು. ಅಕ್ರಮ ಹಣ ವರ್ಗಾವಣೆ ತಡೆಯುವ ಪಿಎಂಎಲ್‌ಎ ಕಾಯ್ದೆಯ ನಿಯಮಗಳಲ್ಲೇ ಇದು ಇದೆ. ಪರಿಚಯದವರು ಅಂತ ಫೋನ್ ಮಾಡಿ ಹೇಳುವುದು ನಿಮ್ಮನ್ನೇ ತೊಂದರೆಗೆ ಸಿಕ್ಕಿಸುತ್ತದೆ.

ಲಕ್ಷಣ: ಕಣ್ಣಿಗೆ ಎರಡೂ ಒಂದೇ, ತಂತ್ರಾಂಶಕ್ಕೆ ಮಾತ್ರ ಬೇರೆ

ಪಟ್ಟಿಯಲ್ಲಿ ಹೆಸರು ಇದೆ. ಗ್ರಾಹಕರ ದಾಖಲೆಯಲ್ಲೂ ಅದೇ ಹೆಸರು ಕಾಣುತ್ತದೆ. ಆದರೂ ಅಲರ್ಟ್ ಇಲ್ಲ. ಇದಕ್ಕೆ ಐದು ನಿಮಿಷದ ಪರೀಕ್ಷೆ ಇದೆ. ಗ್ರಾಹಕರ ಹೆಸರನ್ನು ಕಾಪಿ ಮಾಡದೆ, ಕೈಯಾರೆ ಹೊಸದಾಗಿ ಟೈಪ್ ಮಾಡಿ ಟೆಸ್ಟ್ ಸಿಸ್ಟಂನಲ್ಲಿ ಓಡಿಸಿ. ಈಗ ಅಲರ್ಟ್ ಬಂದರೆ, ಹೋಲಿಸುವ ವಿಧಾನ ಸರಿಯಾಗಿದೆ ಎಂದರ್ಥ. ದೋಷ ಇರುವುದು ದಾಖಲೆಯಲ್ಲಿ ಕೂತಿರುವ ಅಕ್ಷರಗಳಲ್ಲಿ.

ಮೊದಲು ದೊಡ್ಡಕ್ಷರ ಸಣ್ಣಕ್ಷರ, ಚುಕ್ಕಿ, ಖಾಲಿ ಜಾಗ ನೋಡಿ. ಇಷ್ಟು ಚಿಕ್ಕ ವಿಷಯವಾ ಅನ್ನಿಸಬಹುದು. 2019ರ ನವೆಂಬರ್‌ನಲ್ಲಿ ಆಪಲ್ ಕಂಪನಿ ಓಫ್ಯಾಕ್ ಜೊತೆ 4,66,912 ಡಾಲರ್ ಕಟ್ಟಿ ರಾಜಿ ಮಾಡಿಕೊಂಡಿತು. ಆಪಲ್ ಜೊತೆ ವ್ಯವಹಾರ ಇದ್ದ ಸ್ಲೊವೇನಿಯಾದ ಒಂದು ಕಂಪನಿ ನಿರ್ಬಂಧ ಪಟ್ಟಿಗೆ ಸೇರಿತ್ತು. ಪಟ್ಟಿಯಲ್ಲಿ ಹೆಸರಿನ ಕೊನೆಗೆ ಡಿ.ಒ.ಒ. ಅನ್ನುವುದು ಸಣ್ಣಕ್ಷರದಲ್ಲಿ, ಚುಕ್ಕಿಗಳ ಜೊತೆ ಇತ್ತು. ಆಪಲ್‌ನ ದಾಖಲೆಯಲ್ಲಿ ಅದೇ ಮೂರು ಅಕ್ಷರ ದೊಡ್ಡಕ್ಷರದಲ್ಲಿ ಇತ್ತು. ತಂತ್ರಾಂಶ ಎರಡನ್ನೂ ಬೇರೆ ಬೇರೆ ಎಂದು ಬಿಟ್ಟುಬಿಟ್ಟಿತು. ನಮ್ಮಲ್ಲಿನ "ಪ್ರೈವೇಟ್ ಲಿಮಿಟೆಡ್" ಇದ್ದ ಹಾಗೆ ಅದು, ಕಂಪನಿಯ ಬಗೆ ಹೇಳುವ ಬಾಲ ಅಷ್ಟೇ.

ಮುಂದೆ, ವೇಷ ಹಾಕಿದ ಅಕ್ಷರಗಳು. ರಷ್ಯನ್ ಲಿಪಿಯ ಎ, ಇ, ಒ ಅಕ್ಷರಗಳು ನೋಡಲು ಇಂಗ್ಲಿಷಿನ ಎ, ಇ, ಒ ಥರವೇ ಇರುತ್ತವೆ. ಕಂಪ್ಯೂಟರಿಗೆ ಅವು ಪೂರ್ತಿ ಬೇರೆ ಅಕ್ಷರ. ಪಿಡಿಎಫ್‌ನಿಂದ ಕಾಪಿ ಮಾಡುವಾಗ ಇವು ತಿಳಿಯದೆ ಸೇರಿಕೊಳ್ಳುತ್ತವೆ. ಯಾರಾದರೂ ಬೇಕೆಂದೇ ಸೇರಿಸುವುದೂ ಸಾಧ್ಯ. ಒಂದು ಇಂಗ್ಲಿಷ್ ಹೆಸರಿನ ನಡುವೆ ಒಂದೇ ಒಂದು ರಷ್ಯನ್ ಅಕ್ಷರ ಸಿಕ್ಕಿದರೆ ಅದನ್ನು ತಿದ್ದಿ ಸುಮ್ನೆ ಮುಂದೆ ಹೋಗಬೇಡಿ. ಆ ದಾಖಲೆ ಎಲ್ಲಿಂದ ಬಂತು ಎಂದು ಬರೆದಿಟ್ಟು ಮೇಲಿನವರಿಗೆ ತೋರಿಸಿ.

ಕನ್ನಡದಲ್ಲೇ ಹೆಸರು ಇಟ್ಟುಕೊಂಡಿರುವ ಸಹಕಾರಿ ಬ್ಯಾಂಕುಗಳಿಗೆ ಇನ್ನೂ ಎರಡು ತೊಡಕು. "ರಾಜ್‌ಕುಮಾರ್" ಎಂದು ಜ್ ಮತ್ತು ಕು ಬಿಡಿಸಿ ಬರೆಯಲು ನಡುವೆ ಕಾಣದ ಒಂದು ಚಿಹ್ನೆ ಹಾಕಬೇಕಾಗುತ್ತದೆ. ಅದಿಲ್ಲದಿದ್ದರೆ "ರಾಜ್ಕುಮಾರ್" ಆಗುತ್ತದೆ. ಹುಡುಕುವವರು ಒಂದು ರೀತಿ, ಬರೆದವರು ಇನ್ನೊಂದು ರೀತಿ ಟೈಪಿಸಿದರೆ ಎರಡೂ ಹೊಂದುವುದಿಲ್ಲ. "ಕೋ" ಅಕ್ಷರವನ್ನು ಯುನಿಕೋಡ್ (ಎಲ್ಲ ಭಾಷೆಯ ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಇಡುವ ಪದ್ಧತಿ) ಒಳಗೆ ಒಂದೇ ತುಂಡಿನ ಸ್ವರವಾಗಿಯೂ ಇಡಬಹುದು, ತುಂಡು ತುಂಡಾಗಿಯೂ ಇಡಬಹುದು. ಪರದೆಯ ಮೇಲೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಇದಕ್ಕೆ ಮದ್ದು, ಹೋಲಿಸುವ ಮುಂಚೆ ಎರಡೂ ಕಡೆಯ ಅಕ್ಷರಗಳನ್ನು ಒಂದೇ ಅಚ್ಚಿಗೆ ತರುವುದು. ಐಟಿ ವಿಭಾಗಕ್ಕೆ "ಯುನಿಕೋಡ್ ನಾರ್ಮಲೈಸೇಶನ್ ಇದೆಯಾ, ಕಾಣದ ಚಿಹ್ನೆ ತೆಗೀತೀರಾ" ಎಂದು ಕೇಳಿದರೆ ಸಾಕು.

ಎರಡನೆಯ ತೊಡಕು ಹಳೆಯ ನುಡಿ, ಬರಹ ಫಾಂಟುಗಳದ್ದು. ಯುನಿಕೋಡ್ ಬರುವ ಮುಂಚೆ ಟೈಪಿಸಿದ ಸದಸ್ಯರ ಪುಸ್ತಕ ಪರದೆಯ ಮೇಲೆ ಚೆಂದದ ಕನ್ನಡ. ಒಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. ಫಾಂಟ್ ಬದಲಿಸಿ ನೋಡಿದರೆ ಹೆಸರು ಚೆಲ್ಲಾಪಿಲ್ಲಿಯಾದರೆ ಇದೇ ದೋಷ. ಅಂಥ ದಾಖಲೆಯನ್ನು ಎಷ್ಟು ವರ್ಷ ಸ್ಕ್ರೀನ್ ಮಾಡಿದ್ದರೂ ಒಂದು ದಿನವೂ ಸ್ಕ್ರೀನ್ ಆಗಿಲ್ಲ ಎಂದೇ ಲೆಕ್ಕ. ಯುನಿಕೋಡ್‌ಗೆ ಪರಿವರ್ತಿಸಿ, ಪೂರ್ತಿ ಪಟ್ಟಿಯನ್ನು ಮತ್ತೊಮ್ಮೆ ಓಡಿಸಬೇಕು. ಪರಿವರ್ತನೆಯಲ್ಲಿ ಒತ್ತಕ್ಷರ, ಅರ್ಕಾವತ್ತು ಆಚೀಚೆ ಆಗುವುದುಂಟು. ಒಂದು ನೂರು ಹೆಸರನ್ನಾದರೂ ಕಣ್ಣಾರೆ ನೋಡಿ.

ಲಕ್ಷಣ: ಬೆಳಿಗ್ಗೆ ಬಂದರೆ ರಾಶಿ ಅಲರ್ಟ್, ಎಲ್ಲವೂ ಸುಳ್ಳು

ಅಲರ್ಟ್‌ಗಳನ್ನು ಒಂದೊಂದಾಗಿ ಮುಚ್ಚುತ್ತಾ ಕೂರುವ ಮುಂಚೆ, ಒಂದು ವಾರದ್ದನ್ನು ಎಕ್ಸೆಲ್‌ಗೆ ಇಳಿಸಿಕೊಳ್ಳಿ. ಪಟ್ಟಿಯ ಯಾವ ಹೆಸರಿಂದ ಎಷ್ಟು ಅಲರ್ಟ್ ಬಂದಿವೆ ಎಂದು ವಿಂಗಡಿಸಿ. ಸಾಮಾನ್ಯವಾಗಿ ಬೆರಳೆಣಿಕೆಯ ಹೆಸರುಗಳೇ ರಾಶಿಯ ದೊಡ್ಡ ಪಾಲು ಎಬ್ಬಿಸಿರುತ್ತವೆ.

ಆ ಹೆಸರುಗಳು ಒಂದೇ ಪದದ ಅಡ್ಡಹೆಸರುಗಳಾ, ಅಂದರೆ ಅಲಿಯಾಸ್‌ಗಳಾ ನೋಡಿ. ವಿಶ್ವಸಂಸ್ಥೆಯ ಪಟ್ಟಿ ತನ್ನ ಅಡ್ಡಹೆಸರುಗಳನ್ನು ಒಳ್ಳೆಯ ಗುಣಮಟ್ಟ, ಕಡಿಮೆ ಗುಣಮಟ್ಟ ಎಂದು ತಾನೇ ಬೇರೆ ಮಾಡಿ ಕೊಡುತ್ತದೆ. ಓಫ್ಯಾಕ್ ಕೂಡ ಕೆಲವನ್ನು ದುರ್ಬಲ ಅಡ್ಡಹೆಸರು ಎಂದು ಗುರುತಿಸುತ್ತದೆ. ನಿಮ್ಮ ತಂತ್ರಾಂಶ ಆ ಗುರುತನ್ನು ಓದುತ್ತಿಲ್ಲ, ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಿದೆ ಎಂದರೆ ದೋಷ ಅಲ್ಲೇ ಸಿಕ್ಕಿತು. ದುರ್ಬಲ ಅಡ್ಡಹೆಸರು ಒಂದೇ ಹೊಂದಿದಾಗ ಹುಟ್ಟಿದ ವರ್ಷವೋ ದೇಶವೋ ಕೂಡ ಹೊಂದಬೇಕು ಎಂಬ ನಿಯಮ ಹಾಕಿಸಬಹುದು.

ಮುಂದಿನದು ಗ್ರಾಹಕರ ದಾಖಲೆ. ಸುಳ್ಳು ಅಲರ್ಟ್ ಬಂದ ಗ್ರಾಹಕರಲ್ಲಿ ಎಷ್ಟು ಜನರ ಹುಟ್ಟಿದ ದಿನ ಖಾಲಿ ಇದೆ, ಎಷ್ಟು ಜನರದ್ದು ಜನವರಿ 1 ಎಂದು ಇದೆ, ಎಣಿಸಿ. ಮೊಹಮ್ಮದ್ ಎಂಬ ಹೆಸರು ಲೋಕದಲ್ಲೇ ಅತಿ ಸಾಮಾನ್ಯ ಹೆಸರುಗಳಲ್ಲೊಂದು. ಅರಬಿಯಲ್ಲಿ ಅದಕ್ಕೆ ಬರೆಯುವುದು ಮ, ಹ, ಮ, ದ ಎಂಬ ನಾಲ್ಕೇ ವ್ಯಂಜನ. ಗಿಡ್ಡ ಸ್ವರಗಳನ್ನು ಓದುವವರು ತುಂಬಿಕೊಳ್ಳುತ್ತಾರೆ. ಹಾಗಾಗಿ ಇಂಗ್ಲಿಷಿಗೆ ಬರುವಾಗ ಒಬ್ಬರು ಯು ಹಾಕುತ್ತಾರೆ, ಒಬ್ಬರು ಒ. ಒಬ್ಬರು ಎಂ ಎರಡು ಸಲ, ಒಬ್ಬರು ಒಂದು ಸಲ. ನಮ್ಮಲ್ಲಿ ಅದನ್ನೇ ಎಂಒಎಚ್‌ಡಿ ಎಂದು ಚಿಕ್ಕದು ಮಾಡುತ್ತಾರೆ. ಬಂಗಾಳ, ಬಿಹಾರದ ಕಡೆ ಬರೀ ಎಂಡಿ. ಬಿರುದುಗಳನ್ನು ಕಿತ್ತುಹಾಕುವ ಪಟ್ಟಿಯಲ್ಲಿ ಈ ಎಂಡಿ ಡಾಕ್ಟರ ಪದವಿ ಎಂದು ಸೇರಿಕೊಂಡಿದ್ದನ್ನು ನಾನೇ ನೋಡಿದ್ದೇನೆ. ಅರ್ಧ ಹೆಸರೇ ಹೋಗಿತ್ತು.

ಇಲ್ಲಿ ನನಗೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಹುಟ್ಟಿದ ದಿನ ತುಂಬಿಸದೆ ಬಿಟ್ಟದ್ದು ನಮ್ಮ ತಪ್ಪು. ಅದಕ್ಕೆ ಪ್ರತಿ ತಿಂಗಳು ಮಗನಿಗೆ ಫೀಸು ಕಳಿಸುವ ಒಬ್ಬ ತಂದೆಯ ದುಡ್ಡು ನಿಲ್ಲಬಾರದು. ಒಂದು ಸಮುದಾಯದವರ ಹೆಸರುಗಳೇ ಮತ್ತೆ ಮತ್ತೆ ಸಿಕ್ಕಿಬೀಳುತ್ತಿದ್ದರೆ ಅದನ್ನು ಸಹಜ ಎಂದು ಒಪ್ಪಬೇಡಿ. ಅದು ದೋಷದ ಲಕ್ಷಣ.

ಹತ್ತಿರದ ಇನ್ನೊಂದು ಗೊಂದಲ ಸಯೀದ್ ಮತ್ತು ಸಯ್ಯದ್. ಅರಬಿಯಲ್ಲಿ ಇವು ಎರಡು ಬೇರೆ ಹೆಸರು. ಮೊದಲನೆಯದರಲ್ಲಿ ಐನ್ ಎಂಬ ಅಕ್ಷರ ಇದೆ, ಎರಡನೆಯದರಲ್ಲಿ ಇಲ್ಲ. ಇಂಗ್ಲಿಷಿನಲ್ಲಿ ಮಾತ್ರ ಎರಡೂ ಒಂದರ ಮೇಲೊಂದು ಬಿದ್ದುಕೊಂಡಿವೆ. ಹಫೀಜ್ ಸಯೀದ್ 2008ರ ಡಿಸೆಂಬರ್‌ನಿಂದ ವಿಶ್ವಸಂಸ್ಥೆಯ ಪಟ್ಟಿಯಲ್ಲಿದ್ದಾನೆ. ಸಯ್ಯದ್ ಎಂದು ಹೆಸರು ಶುರುವಾಗುವವರು ಕರ್ನಾಟಕದಲ್ಲಿ ಊರೂರಲ್ಲಿ ಇದ್ದಾರೆ. ಉರ್ದು ಓದಲು ಬರುವ ಒಬ್ಬ ಸಹೋದ್ಯೋಗಿ ಇದ್ದರೆ ಈ ಬಗೆಯ ಅಲರ್ಟ್ ಒಂದು ನಿಮಿಷದಲ್ಲಿ ಬಗೆಹರಿಯುತ್ತದೆ. ಆ ಒಬ್ಬರನ್ನು ತಂಡಕ್ಕೆ ತನ್ನಿ.

ಇನ್ನು ನಮ್ಮದೇ ಹಾಸನ. ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ಎಚ್ಎಎಸ್ಎಸ್ಎಎನ್ ಎಂದು ಬರೆಯುತ್ತೇವೆ. ಅದು ಅರಬಿ ಹೆಸರು ಹಸನ್ ಅಥವಾ ಹಸ್ಸಾನ್ ಬರೆಯುವ ರೀತಿಯೂ ಹೌದು. ವಿಳಾಸ ಬರೆದ ಸಾಲನ್ನೂ ತಂತ್ರಾಂಶ ವ್ಯಕ್ತಿಯ ಹೆಸರಿನ ಪಟ್ಟಿಗೆ ಹೋಲಿಸುತ್ತಿದ್ದರೆ, ಹಾಸನ ಜಿಲ್ಲೆಗೆ ಬರುವ ಹಣ ಸುಮ್ನೆ ನಿಲ್ಲುತ್ತದೆ. ಹಳೆ ಮೈಸೂರಿನ ಕಡೆ ಇನಿಷಿಯಲ್‌ನ ಮೊದಲ ಅಕ್ಷರ ಊರಿನದ್ದು. ಪಾಸ್‌ಪೋರ್ಟ್ ಮಾಡಿಸುವಾಗ ಅದನ್ನು ಬಿಡಿಸಿ ಬರೆದರೆ ಎಚ್. ಎಸ್. ರಮೇಶ್ ಅನ್ನುವವರು ಹಾಸನ ಸುಬ್ಬರಾವ್ ರಮೇಶ್ ಆಗುತ್ತಾರೆ. ಪರದೇಶದ ಬ್ಯಾಂಕಿಗೆ ಅವರ ಮೊದಲ ಹೆಸರೇ ಹಸನ್. ಇಂಥ ಕಡೆ ಯಾವ ಕಾಲಂ ಯಾವ ಪಟ್ಟಿಗೆ ಹೋಲಿಕೆಯಾಗುತ್ತಿದೆ ಎಂಬ ನಕ್ಷೆ ನೋಡಿ, ತಿದ್ದಿಸಿ.

ಅಮೆರಿಕದ ವೀಸಾ ಇರುವವರ ದಾಖಲೆಯಲ್ಲಿ ಎಫ್ಎನ್‌ಯು ಎಂದು ಕಂಡರೆ ಅದು ಹೆಸರಲ್ಲ. ಪಾಸ್‌ಪೋರ್ಟ್‌ನಲ್ಲಿ ಒಂದೇ ಪದ ಇದ್ದಾಗ, ಮೊದಲ ಹೆಸರು ಗೊತ್ತಿಲ್ಲ ಎಂಬುದಕ್ಕೆ ಅವರು ಹಾಕುವ ಗುರುತು.

ಲಕ್ಷಣ: ಬರಬೇಕಾದ ಅಲರ್ಟ್ ಬರುತ್ತಿಲ್ಲ

ಇದು ಎಲ್ಲಕ್ಕಿಂತ ಅಪಾಯದ್ದು, ಯಾಕೆಂದರೆ ನೋವೇ ಆಗುವುದಿಲ್ಲ. ನಾನಿದ್ದ ಒಂದು ಕಡೆ ತಂತ್ರಾಂಶದ ಹೊಸ ಆವೃತ್ತಿ ಹಾಕಿದ ವಾರ ಅಲರ್ಟ್ ಅರ್ಧಕ್ಕೆ ಇಳಿಯಿತು. ಎಲ್ಲರೂ ಖುಷಿಪಟ್ಟೆವು. ಹೊಸ ಆವೃತ್ತಿ ಜಾಣವಾಗಿದೆ ಅಂದುಕೊಂಡೆವು. ಆಮೇಲೆ ನೋಡಿದರೆ, ಪಟ್ಟಿಯಲ್ಲಿ ಮೂಲ ಲಿಪಿಯ ಹೆಸರುಗಳಿದ್ದ ಕಾಲಂ ಪೂರ್ತಿ ಪ್ರಶ್ನೆ ಚಿಹ್ನೆಗಳಾಗಿ ಲೋಡ್ ಆಗಿತ್ತು. ಅವತ್ತಿನಿಂದ ನಾನು ಅಲರ್ಟ್ ಜಾಸ್ತಿ ಆದರೆ ಬೇಸರಪಡುತ್ತೇನೆ, ಕಾರಣವಿಲ್ಲದೆ ಕಡಿಮೆ ಆದರೆ ಹೆದರುತ್ತೇನೆ.

ಹಾಗಾಗಿ ಮೊದಲ ಪರೀಕ್ಷೆ ಪಟ್ಟಿಯದ್ದೇ. ಮೂಲ ತಾಣದಲ್ಲಿ ಎಷ್ಟು ಹೆಸರಿವೆ, ನಿಮ್ಮ ಸಿಸ್ಟಂನಲ್ಲಿ ಎಷ್ಟು ಕೂತಿವೆ, ಕೊನೆಯ ಸಲ ಯಾವತ್ತು ಹೊಸದಾಯಿತು ನೋಡಿ. ಅರಬಿ, ರಷ್ಯನ್ ಹೆಸರುಗಳ ಜಾಗದಲ್ಲಿ ಪ್ರಶ್ನೆ ಚಿಹ್ನೆ, ಖಾಲಿ ಡಬ್ಬಿ ಇದ್ದರೆ ಅಲ್ಲೇ ನಿಲ್ಲಿ. ಮುಂದಿನ ಯಾವ ಪರೀಕ್ಷೆಗೂ ಅರ್ಥವಿಲ್ಲ.

ಪಟ್ಟಿ ಸರಿ ಇದ್ದರೆ ಒಂದು ಪರೀಕ್ಷಾ ಕಂತೆ ಮಾಡಿ. ಪಟ್ಟಿಯಿಂದಲೇ ಐವತ್ತು ಹೆಸರು ಆರಿಸಿ. ಒಂದೊಂದಕ್ಕೂ ಜನ ಬರೆಯಬಹುದಾದ ನಾಲ್ಕೈದು ಸ್ಪೆಲಿಂಗ್ ಬರೆದು ಟೆಸ್ಟ್ ಸಿಸ್ಟಂನಲ್ಲಿ ಓಡಿಸಿ. ಯಾವುದು ಸಿಕ್ಕಿತು, ಯಾವುದು ಜಾರಿತು ಗುರುತು ಹಾಕಿ. ಜಾರಿದವುಗಳನ್ನು ಪಕ್ಕ ಪಕ್ಕ ಇಟ್ಟು ನೋಡಿದರೆ ಒಂದು ಜಾಡು ಕಾಣುತ್ತದೆ. ಆ ಜಾಡೇ ರೋಗದ ಹೆಸರು ಹೇಳುತ್ತದೆ.

ಮೊದಲ ಅಕ್ಷರ ಬದಲಾದವೇ ಜಾರುತ್ತಿದ್ದರೆ, ನಿಮ್ಮ ತಂತ್ರಾಂಶ ಉಚ್ಚಾರಣೆ ನೋಡಿ ಹೆಸರು ಹೋಲಿಸುವ ಸೌಂಡೆಕ್ಸ್ ಥರದ ಹಳೆಯ ವಿಧಾನದ ಮೇಲೆ ನಿಂತಿರಬಹುದು. ಸೌಂಡೆಕ್ಸ್‌ಗೆ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿದ್ದು 1918ರಲ್ಲಿ. ಅದು ಹೆಸರಿನ ಮೊದಲ ಅಕ್ಷರವನ್ನು ಹಾಗೇ ಇಟ್ಟು, ಉಳಿದ ವ್ಯಂಜನಗಳಿಗೆ ಸಂಖ್ಯೆ ಕೊಡುತ್ತದೆ. ಅಮೆರಿಕದ ಮನೆತನದ ಹೆಸರುಗಳಿಗೆ ಸರಿ. ಲಿಬಿಯಾದ ಗಡಾಫಿಯನ್ನು ನೋಡಿ. ಅರಬಿಯ ಕಾಫ್ ಅಕ್ಷರವನ್ನು ಲಿಬಿಯಾದಲ್ಲಿ ಗ ಎಂದು ಉಚ್ಚರಿಸುತ್ತಾರೆ. ಪತ್ರಿಕೆಗಳು ಜಿ ಹಾಕಿ ಬರೆದವು. ಕೆಲವರು ಕೆ ಹಾಕಿದರು. ವಿಶ್ವಸಂಸ್ಥೆ ಕ್ಯೂ ಹಾಕಿತು. ಸೌಂಡೆಕ್ಸ್ ಕೊಡುವ ಸಂಕೇತ ಜಿ310, ಕೆ310, ಕ್ಯೂ310. ಸಂಖ್ಯೆ ಮೂರಕ್ಕೂ ಒಂದೇ, ಹೊಂದಿಕೆ ಮಾತ್ರ ಇಲ್ಲ. 2011ರ ಫೆಬ್ರವರಿ 26ರಂದು ಭದ್ರತಾ ಮಂಡಳಿಯ 1970ನೇ ನಿರ್ಣಯ ಅವನ ಕುಟುಂಬದ ಆಸ್ತಿ ತಡೆಹಿಡಿಯಲು ಹೇಳಿದಾಗ, ಬ್ಯಾಂಕುಗಳು ಹುಡುಕಬೇಕಾಗಿದ್ದುದು ಇಂಥ ಹೆಸರನ್ನು.

ನಮ್ಮ ಜ್ಞ ಅಕ್ಷರದ್ದೂ ಇದೇ ಕಥೆ. ಜ್ಞಾನೇಶ್ ಎಂಬ ಹೆಸರನ್ನು ಕನ್ನಡದವರು ಜೆಎನ್ ಎಂದೋ ಜಿಎನ್ ಎಂದೋ ಶುರುಮಾಡುತ್ತಾರೆ. ಹಿಂದಿಯವರು ಜಿವೈ. ಮರಾಠಿಯವರು ಡಿಎನ್‌ವೈ. ಬೆಳಗಾವಿಯಲ್ಲಿ ಒಂದೇ ಬೀದಿಯಲ್ಲಿ ಎರಡು ಮೂರು ರೂಪ ಸಿಗುತ್ತವೆ. ಬಂಗಾಳಕ್ಕೆ ಹೋದರೆ ವ ಎಲ್ಲ ಬ ಆಗಿ ವಿಶ್ವನಾಥ ಬಿಶ್ವನಾಥ ಆಗುತ್ತಾನೆ. ಓಫ್ಯಾಕ್‌ನ ಉಚಿತ ಹುಡುಕು ಪುಟ ಬಳಸುವ ಜಾರೋ-ವಿಂಕ್ಲರ್ ವಿಧಾನವೂ ಮೊದಲ ನಾಲ್ಕು ಅಕ್ಷರ ಹೊಂದಿದರೆ ಹೆಚ್ಚು ಅಂಕ ಕೊಡುತ್ತದೆ. ಮೊದಲಕ್ಷರದಲ್ಲೇ ಬೇರೆಯಾದ ಹೆಸರುಗಳಿಗೆ ಅಲ್ಲೂ ನಷ್ಟವೇ.

ಈಗ ಥ್ರೆಶೋಲ್ಡ್ ಲೆಕ್ಕ. ಒಂದು ಹೆಸರನ್ನು ಇನ್ನೊಂದಾಗಿಸಲು ಎಷ್ಟು ಅಕ್ಷರ ಬದಲಿಸಬೇಕು ಎಂದು ಎಣಿಸುವ ವಿಧಾನ ಇದೆ, ಲೆವೆನ್‌ಸ್ಟೈನ್ ಅಂತಾರೆ. ಕಿರಣ್ ಮತ್ತು ಕರಣ್ ಇಂಗ್ಲಿಷಿನಲ್ಲಿ ಐದೈದು ಅಕ್ಷರ. ಒಂದೇ ಅಕ್ಷರ ಬೇರೆ. ಹೊಂದಿಕೆ 80. ಈ ಇಬ್ಬರು ಬೇರೆ ಬೇರೆ ಜನ. ಚೌಧರಿ ಎಂಬ ಮನೆತನದ ಹೆಸರನ್ನು ಒಬ್ಬರು ಸಿ-ಎಚ್-ಒ-ಯು-ಡಿ-ಎಚ್-ಎ-ಆರ್-ವೈ ಎಂದು ಬರೆಯುತ್ತಾರೆ. ಬಂಗಾಳಿಯವರು ಸಿ-ಎಚ್-ಎ-ಯು-ಡಿ-ಎಚ್-ಯು-ಆರ್-ಐ ಎನ್ನುತ್ತಾರೆ. ಒಂಬತ್ತರಲ್ಲಿ ಮೂರು ಬೇರೆ. ಹೊಂದಿಕೆ 67. ಹೆಸರು ಒಂದೇ. ಥ್ರೆಶೋಲ್ಡ್ 75ಕ್ಕೆ ಇಟ್ಟರೆ ಬೇಡದ ಕಿರಣ್ ಸಿಗುತ್ತಾನೆ, ಬೇಕಾದ ಚೌಧರಿ ತಪ್ಪಿಸಿಕೊಳ್ಳುತ್ತಾನೆ. 85ಕ್ಕೆ ಏರಿಸಿದರೆ ಇಬ್ಬರೂ ಇಲ್ಲ. 60ಕ್ಕೆ ಇಳಿಸಿದರೆ ಇಬ್ಬರ ಜೊತೆ ಅರ್ಧ ಊರೇ ಬರುತ್ತದೆ. ಮೊಹಮ್ಮದ್‌ನ ಎಂಟಕ್ಷರದ ರೂಪಕ್ಕೂ ಎಂಒಎಚ್‌ಡಿಗೂ ಹೊಂದಿಕೆ ಬರೀ 50. ಯಾವ ಸಂಖ್ಯೆಗೆ ತಿರುಗಿಸಿದರೂ ಈ ಗಂಟು ಬಿಡುವುದಿಲ್ಲ.

ಬಿಡಿಸುವುದು ಭಾಷೆಯ ತಿಳಿವಳಿಕೆ. ಎಕ್ಸ್ ಹಾಕಿದ ಲಕ್ಷ್ಮಿಯೂ ಕೆಎಸ್‌ಎಚ್ ಹಾಕಿದ ಲಕ್ಷ್ಮಿಯೂ ಒಂದೇ. ಗೌಡರಿಗೆ ಉತ್ತರ ಕರ್ನಾಟಕದಲ್ಲಿ ಯು, ಮೈಸೂರು ಕಡೆ ಡಬ್ಲ್ಯು. ಗೀತಾ, ಸವಿತಾ ಬರೆಯುವಾಗ ನಾವು ಟಿ ನಂತರ ಎಚ್ ಹಾಕುತ್ತೇವೆ, ಉತ್ತರದವರು ಹಾಕುವುದಿಲ್ಲ. ಕೃಷ್ಣನ ಋಕಾರ ನಮಗೆ ಆರ್‌ಐ, ಒಡಿಯಾದವರಿಗೆ ಆರ್‌ಯು. ಅಬ್ದುಲ್ ರಹಮಾನ್ ಎರಡು ತುಂಡಾಗಿ ಕಂಡರೂ ಒಂದೇ ಹೆಸರು. ಒಂದೇ ಚೀನಿ ಅಕ್ಷರ ಬೀಜಿಂಗ್‌ನಲ್ಲಿ ಚೆನ್, ಹಾಂಗ್‌ಕಾಂಗ್‌ನಲ್ಲಿ ಚಾನ್, ಸಿಂಗಪುರದಲ್ಲಿ ಟಾನ್. ರಷ್ಯನ್ನರ ವ್ಲಾದಿಮಿರ್ ಉಕ್ರೇನಿನಲ್ಲಿ ವೊಲೊದಿಮಿರ್. ಇಂಥ ಜೋಡಿಗಳ ಪಟ್ಟಿಯನ್ನು ಬಹುತೇಕ ತಂತ್ರಾಂಶಗಳಲ್ಲಿ ನಾವೇ ಸೇರಿಸಬಹುದು. ನಿಮ್ಮ ಶಾಖೆಯ ಹಳೆಯ ಕ್ಯಾಷಿಯರಿಗೆ ಇವು ಬಾಯಿಪಾಠ. ಕೂತು ಬರೆಸಿಕೊಳ್ಳಿ.

ಊರಿನ ಹೆಸರನ್ನು ಮರೆಯಬೇಡಿ. 2020ರ ಜುಲೈನಲ್ಲಿ ಅಮೆಜಾನ್ ಓಫ್ಯಾಕ್‌ಗೆ 1,34,523 ಡಾಲರ್ ಕಟ್ಟಿತು. ಹಲವು ಲೋಪಗಳಲ್ಲಿ ಒಂದು, ಅಮೆರಿಕ ನಿರ್ಬಂಧ ಹೇರಿದ್ದ ಕ್ರಿಮಿಯಾವನ್ನು ಸಿ ಬದಲು ಕೆ ಹಾಕಿ ಬರೆದ ವಿಳಾಸ ತಪಾಸಣೆಯಲ್ಲಿ ಸಿಗದೇ ಹೋದದ್ದು. ವಿಶ್ವಸಂಸ್ಥೆಯ ಪಟ್ಟಿಯಲ್ಲಿ 2003ರಿಂದ ಇರುವ ದಾವೂದ್ ಇಬ್ರಾಹಿಂ ಕಾಸ್ಕರ್ ಹುಟ್ಟಿದ ಊರು ಖೇರ್, ರತ್ನಗಿರಿ ಎಂದಿದೆ. ಆ ಜಿಲ್ಲೆಯಲ್ಲಿರುವ ತಾಲೂಕು ಖೇಡ್. ಡ ಮತ್ತು ರ ನಡುವೆ ಜಾರಿದ ಒಂದು ಅಕ್ಷರ. ಹುಟ್ಟಿದ ಊರು ಬೇರೆ ಅಂತ ಅಲರ್ಟ್ ಮುಚ್ಚುವ ಮುಂಚೆ ಆ ಊರನ್ನು ಒಮ್ಮೆ ಬಾಯಿಬಿಟ್ಟು ಓದಿ.

ಜೋಡಿ ಪಟ್ಟಿ ಸೇರಿಸಿದ ಮೇಲೂ ಕಂತೆಯ ಹೆಸರುಗಳು ಜಾರುತ್ತಿದ್ದರೆ ತಂತ್ರಾಂಶ ಕೊಟ್ಟವರನ್ನು ಕರೆಸಿ. ಜಾರಿದ ಹೆಸರುಗಳ ಪಟ್ಟಿಯನ್ನೇ ಅವರ ಮುಂದಿಡಿ. ಥ್ರೆಶೋಲ್ಡ್ ಬದಲಿಸಲೇಬೇಕಾದರೆ ಅದು ಈ ಹಂತದಲ್ಲಿ, ಬರವಣಿಗೆಯಲ್ಲಿ ಒಪ್ಪಿಗೆ ಪಡೆದು, ಬದಲಿಸುವ ಮುಂಚಿನ ಮತ್ತು ನಂತರದ ಫಲಿತಾಂಶ ಎರಡನ್ನೂ ಇಟ್ಟುಕೊಂಡು.

ಲಕ್ಷಣ: ಒಬ್ಬರೇ ಗ್ರಾಹಕರು ಇಬ್ಬರಾಗಿದ್ದಾರೆ

ಒಂದು ಖಾತೆ ಇನಿಷಿಯಲ್ ಜೊತೆ, ಇನ್ನೊಂದು ಬಿಡಿಸಿ ಬರೆದ ಹೆಸರಲ್ಲಿ. ಶ್ರೀನಿವಾಸ ಒಂದರಲ್ಲಿ ಎಸ್‌ಆರ್, ಇನ್ನೊಂದರಲ್ಲಿ ಎಸ್‌ಎಚ್‌ಆರ್. ಎರಡು ಗ್ರಾಹಕ ಸಂಖ್ಯೆ. ಇದು ಬರೀ ಗಲೀಜಲ್ಲ. ಬಿಡಿ ಬಿಡಿ ನಗದು ವ್ಯವಹಾರಗಳು ಒಟ್ಟು ಸೇರಿ ತಿಂಗಳಲ್ಲಿ 10 ಲಕ್ಷ ರೂಪಾಯಿ ದಾಟಿದರೆ ಕೇಂದ್ರದ ಹಣಕಾಸು ಗುಪ್ತಚರ ಘಟಕವಾದ ಎಫ್‌ಐಯುಗೆ ವರದಿ ಮಾಡಬೇಕು. ಒಬ್ಬರು ಇಬ್ಬರಾಗಿ ಕೂತರೆ ಆರು ಲಕ್ಷ ಮತ್ತು ಆರು ಲಕ್ಷ ಬೇರೆ ಬೇರೆಯೇ ಉಳಿಯುತ್ತವೆ.

ಪ್ಯಾನ್ ಸಂಖ್ಯೆ ಒಂದೇ ಇದೆಯಾ ನೋಡಿ, ಅದೇ ಅಗ್ಗದ ಪರೀಕ್ಷೆ. ವ್ಯಕ್ತಿಗಳ ಪ್ಯಾನ್‌ನಲ್ಲಿ ನಾಲ್ಕನೇ ಅಕ್ಷರ ಪಿ, ಐದನೆಯದು ಕೊನೆಯ ಹೆಸರಿನ ಮೊದಲಕ್ಷರ. ಇನಿಷಿಯಲ್ ಬಿಡಿಸಿದವರಲ್ಲಿ ಯಾವ ಪದವನ್ನು ಕೊನೆಯ ಹೆಸರು ಮಾಡಿಕೊಂಡಿದ್ದಾರೆ ಎಂದು ಇದರಿಂದ ಗೊತ್ತಾಗುತ್ತದೆ. ಪಾಸ್‌ಪೋರ್ಟ್ ಇದ್ದರೆ ಪುಟದ ಕೆಳಗಿನ ಎರಡು ಸಾಲು ನೋಡಿ. ಅಲ್ಲಿ ಹೆಸರಿಗೆ ಇರುವ ಜಾಗ 39 ಅಕ್ಷರ. ನಮ್ಮ ಕಡೆಯ ಉದ್ದ ಹೆಸರುಗಳು ಅಲ್ಲಿ ತುಂಡಾಗಿರುತ್ತವೆ. ತುಂಡಾದ ಹೆಸರನ್ನೇ ಸ್ಕ್ಯಾನರ್ ಸಿಸ್ಟಂಗೆ ತುಂಬಿರಬಹುದು.

ಒಂದು ಎಚ್ಚರಿಕೆ. ವಸಂತ ಗಂಡಸಿನ ಹೆಸರು, ವಸಂತಾ ಹೆಂಗಸಿನ ಹೆಸರು. ಇಂಗ್ಲಿಷಿನಲ್ಲಿ ಎರಡೂ ಒಂದೇ. ವಿಳಾಸವೂ ಒಂದೇ ಆಗಿ, ಅತ್ತೆ ಮತ್ತು ಅಳಿಯನ ಖಾತೆ ಕೂಡಿಹೋದರೆ ಬಿಡಿಸುವುದು ದೊಡ್ಡ ಕೆಲಸ. ಹೆಸರು, ವಿಳಾಸ ನೋಡಿ ಮಾತ್ರ ಖಾತೆ ಕೂಡಿಸಬೇಡಿ.

ಲಕ್ಷಣ: ನಿಮ್ಮದೇ ದುಡ್ಡು ನಿಂತಿದೆ

ಇದು ಗ್ರಾಹಕರಿಗೆ. ದುಬೈಯಿಂದ ತಮ್ಮ ಕಳಿಸಿದ ಹಣ ಎರಡು ದಿನವಾದರೂ ಬಂದಿಲ್ಲ. ಬ್ಯಾಂಕಿನವರು "ಪರಿಶೀಲನೆಯಲ್ಲಿದೆ" ಎನ್ನುತ್ತಾರೆ, ಅಷ್ಟೇ. ಗಾಬರಿ ಬೇಡ. ಕಳಿಸಿದವರು ಬರೆದ ಹೆಸರೂ ನಿಮ್ಮ ಪಾಸ್‌ಪುಸ್ತಕದ ಹೆಸರೂ ಅಕ್ಷರಕ್ಕಕ್ಷರ ಒಂದೇನಾ ನೋಡಿ. ಬ್ಯಾಂಕು ಕೇಳಿದರೆ ಹುಟ್ಟಿದ ದಿನ, ಪಾಸ್‌ಪೋರ್ಟ್ ಪ್ರತಿ ಕೊಡಿ. ಅವೇ ನಿಮ್ಮನ್ನು ಪಟ್ಟಿಯಲ್ಲಿರುವ ಇನ್ನೊಬ್ಬರಿಂದ ಬೇರೆ ಮಾಡಿ ತೋರಿಸುವುದು. 2022ರ ನವೆಂಬರ್‌ನಲ್ಲಿ ಯುಎಇ ಒಂದೇ ಪದದ ಹೆಸರಿನ ಪಾಸ್‌ಪೋರ್ಟ್‌ಗೆ ಭೇಟಿ ವೀಸಾದಲ್ಲಿ ಪ್ರವೇಶ ನಿಲ್ಲಿಸಿತು. ಹೀಗೆ ಬೇರೆ ಬೇರೆ ಕಾರಣಕ್ಕೆ ಪಾಸ್‌ಪೋರ್ಟ್‌ನಲ್ಲಿ ಎರಡನೇ ಹೆಸರು ಸೇರಿಸಿಕೊಂಡವರು ಬ್ಯಾಂಕಿಗೂ ಹೋಗಿ ಅದನ್ನು ಹೇಳಬೇಕು.

ಮಾಡಲೇಬಾರದ ಕೆಲಸ ಒಂದಿದೆ. ಸ್ಪೆಲಿಂಗ್ ಸ್ವಲ್ಪ ತಿರುಚಿ ಮತ್ತೆ ಕಳಿಸಿ ನೋಡೋಣ ಎಂದು ಹೊರಡಬೇಡಿ. ತಪ್ಪಿಸಿಕೊಳ್ಳುವವರು ಮಾಡುವುದೂ ಅದನ್ನೇ. ಒಂದು ಸಾದಾ ತಡ, ನಿಜವಾದ ಸಂಶಯವಾಗಿ ಬೆಳೆಯುತ್ತದೆ.

ಲಕ್ಷಣ: ಹೆಸರಿನ ಜೊತೆ ಉಳಿದದ್ದೂ ಹೊಂದುತ್ತಿದೆ

ಹೆಸರು ಹೊಂದಿತು. ಹುಟ್ಟಿದ ದಿನವೂ ಹೊಂದಿತು. ತಂದೆಯ ಹೆಸರೋ ಪಾಸ್‌ಪೋರ್ಟ್ ಸಂಖ್ಯೆಯೋ ಕೂಡ ಸರಿಬಂತು. ಇಲ್ಲಿಗೆ ನಿಮ್ಮ ರಿಪೇರಿ ಕೆಲಸ ಮುಗಿಯಿತು. ಇನ್ನೊಂದು ಸ್ಪೆಲಿಂಗ್ ಹಾಕಿ ನೋಡುವುದು, ಗ್ರಾಹಕರಿಗೆ ಫೋನ್ ಮಾಡಿ ಕೇಳುವುದು, ಹಣ ವಾಪಸ್ ಕಳಿಸುವುದು, ಯಾವುದೂ ಬೇಡ. ಪರದೆಯ ಚಿತ್ರ ತೆಗೆದಿಡಿ. ಯಾವ ಪಟ್ಟಿ, ಯಾವ ದಿನದ ಆವೃತ್ತಿ, ಎಷ್ಟು ಗಂಟೆ ಎಂದು ಬರೆಯಿರಿ. ಮೂಲ ಲಿಪಿಯ ಹೆಸರು ಸಿಕ್ಕಿದ್ದರೆ ಅದನ್ನೂ ಹಾಗೇ ಸೇರಿಸಿ, ನೀವು ಇಂಗ್ಲಿಷಿಗೆ ತಿರುಗಿಸಬೇಡಿ. ಎಲ್ಲವನ್ನೂ ಬ್ಯಾಂಕಿನಲ್ಲಿ ಇಂಥ ವರದಿಗಳ ಹೊಣೆ ಹೊತ್ತ ಪ್ರಿನ್ಸಿಪಲ್ ಆಫೀಸರ್ ಕೈಗೆ ಅದೇ ಗಳಿಗೆಯಲ್ಲಿ ಮುಟ್ಟಿಸಿ. ಯುಎಪಿಎಯ 51ಎ ಸೆಕ್ಷನ್ ಅಡಿ ಬರುವ ಹೆಸರಾದರೆ ಬ್ಯಾಂಕು ಗೃಹ ಸಚಿವಾಲಯದ ನೋಡಲ್ ಅಧಿಕಾರಿಗೆ 24 ಗಂಟೆಯೊಳಗೆ ತಿಳಿಸಬೇಕು. ನೀವು ಖಚಿತ ಮಾಡಿಕೊಳ್ಳೋಣ ಎಂದು ಸಂಜೆವರೆಗೆ ಇಟ್ಟುಕೊಂಡರೆ, ಆ 24 ಗಂಟೆಯಲ್ಲೇ ಅಷ್ಟು ಕಳೆದಿರುತ್ತದೆ.